ಈಜರಿಯದವನ ಸಮುದ್ರದರ್ಶನ

ಕುರುಕ್ಷೇತ್ರದ ಯುದ್ಧವು ಮುಗಿಯುವ ಸಮಯದಲ್ಲಿ ದುರ್ಯೋಧನನು ವೈಶಂಪಾಯನ ಸರೋವರವನ್ನು ಹೊಕ್ಕು, ಜಲಸ್ತಂಭ ವಿದ್ಯೆಯ ಬಲದಿಂದ ನೀರಿನ ತಳದಲ್ಲಿ ಅಡಗಿದ್ದನೆಂಬ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಭೀಮನ ಮೂದಲಿಕೆಯು ಕಿವಿಗೆ ಬಿದ್ದೊಡನೆ ಅವನು ನೀರಿನೊಳಗಿದ್ದೂ ಬೆವರಿದನೆಂದು ಮಹಾಕವಿ ರನ್ನನು ವರ್ಣಿಸಿರುವುದನ್ನು ರಸಿಕರು ಕವಿಯ ಚಮತ್ಕಾರವೆಂದು ಮೆಚ್ಚಿ ತಲೆದೂಗುವರು. ಆದರೆ ಈಜು ಬಾರದ ಮನುಷ್ಯನೊಬ್ಬನು ನಡುಗಡಲಿನಲ್ಲಿ ದೋಣಿಯ ಏಣಿಯನ್ನು ಬಿಟ್ಟು ನೀರಿಗಿಳಿದ ಗಳಿಗೆಯಲ್ಲಿ, ಅದು ಚಮತ್ಕಾರವಲ್ಲ, ಕೇವಲ ವಸ್ತುಸ್ಥಿತಿಯೆಂಬುದು ಚೆನ್ನಾಗಿ ಅರಿವಿಗೆ ಬರುವುದು.

ಈ ಲೇಖಕನಿಗೆ ವಯಸ್ಸು ಐವತ್ತೆರಡು, ಈಜು ಬಾರದು. ಕಳೆದ ಚಳಿಗಾಲದಲ್ಲಿ ಹೆಂಡತಿ ಮಗಳೊಡನೆ ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿ ಸಮುದ್ರದ ನಡುವೆ ನಿಂತಿರುವ ನೇತ್ರಾಣಿ ದ್ವೀಪದ ಮಗ್ಗುಲಲ್ಲಿ ನೀರಿಗಿಳಿದು, ಮುಖವನ್ನು ಕೆಳಗೆಮಾಡಿ ತೇಲುತ್ತ ಸಮುದ್ರದ ಒಳಗನ್ನು ನೋಡಿ ಬಂದುದಾಯಿತು. ಇಂಗ್ಲಿಷಿನಲ್ಲಿ ಇದಕ್ಕೆ ಸ್ನಾರ್ಕೆಲಿಂಗ್ ಎನ್ನುವರು. ಮೂಗನ್ನೂ ಕಣ್ಣನ್ನೂ ಒಟ್ಟಿಗೆ ಮುಚ್ಚುವ ಗಾಜಿನ ಮುಖವಾಡವೊಂದು. ಹಲ್ಲಿನಿಂದ ಕಚ್ಚಿಕೊಂಡು ಬಾಯಿಯಿಂದ ಉಸಿರಾಡಲು ಒಂದೂವರೆ ಗೇಣುದ್ದದ ಬಾಗಿದ ಕೊಳವೆಯೊಂದು. ಬೇಕಾದವರಿಗೆ ಬಾತುಕೋಳಿಯ ಪಾದದಂತಹ ರಬ್ಬರಿನ ಕಾಲುಹುಟ್ಟುಗಳು. ಇಷ್ಟೇ ಇದರ ಸಾಮಗ್ರಿ. ಗಾಳಿಯ ಉರುಳೆಯನ್ನು ಬೆನ್ನಿಗೆ ಕಟ್ಟಿಕೊಂಡು ಆಳಕ್ಕೆ ಮುಳುಗುವ ವಿದ್ಯೆಯೇ ಬೇರೆ. ಅದನ್ನು ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾಂ ಎಂಬಿಬ್ಬರು ೧೯೪೩ರಲ್ಲಿ ತಾವು ನಿರ್ಮಿಸಿದ ಯಂತ್ರದಿಂದ ಸುಲಭಗೊಳಿಸಿದರು. ನಾವು ಹೇಳಹೊರಟಿರುವುದು ನೀರಿನ ಮೇಲ್ಮೈಯನ್ನು ಬಿಡದೆ ನಡೆಸುವ ವಿನೋದವನ್ನು.

ಸ್ನಾರ್ಕೆಲ್ ಎಂಬುದು ಜರ್ಮನ್ ಭಾಷೆಯಿಂದ ಬಂದ ಮಾತು. ಎರಡನೆಯ ಮಹಾಯುದ್ಧದಲ್ಲಿ ಆ ದೇಶದ ಜಲಾಂತರ್ಗಾಮಿ ನೌಕೆಗಳು ಮೇಲಕ್ಕೇಳದೆಯೇ ಗಾಳಿಯನ್ನು ಎಳೆದುಕೊಳ್ಳುತ್ತಿದ್ದ ಉದ್ದನೆಯ ಕೊಳವೆಗೆ ಆ ಹೆಸರಿತ್ತು. ಹೆಸರು ಹೊಸದಾದರೂ ಉಪಾಯವು ಬಹಳ ಹಳೆಯದು. ಗ್ರೀಸಿನ ಅರಿಸ್ಟಾಟಲನು ಆನೆಯ ಸೊಂಡಿಲನ್ನು ವಿವರಿಸುವಾಗ, ಮುಳುಗುಗಾರರು ಮೇಲಿನ ಗಾಳಿಯನ್ನು ಎಳೆದುಕೊಳ್ಳಲು ಬಳಸುವ ಸಾಧನಕ್ಕೆ ಅದನ್ನು ಹೋಲಿಸಿರುವನು. ಕಬಿನಿಯ ಹಿನ್ನೀರಿನಲ್ಲಿ ಆನೆಗಳು ಮೈಯನ್ನೆಲ್ಲ ಮುಳುಗಿಸಿ ಸೊಂಡಿಲನ್ನು ಮಾತ್ರ ಮೇಲಕ್ಕೆತ್ತಿ ದಾಟುವುದನ್ನು ಕಂಡವರಿಗೆ ಈ ಹೋಲಿಕೆಯ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಮನೆಯ ಮಾತು. ನಮ್ಮದು ತುಮಕೂರು ಸೀಮೆಯ ಬಯಲುನಾಡು. ನಾನು ಹುಟ್ಟುವುದಕ್ಕೆ ಮೊದಲೇ, ನಮ್ಮ ತಂದೆಯವರ ತಮ್ಮನು ಹದಿನಾಲ್ಕನೆಯ ವಯಸ್ಸಿನಲ್ಲಿ ಊರ ಕೆರೆಯಲ್ಲಿ ಮುಳುಗಿ ತೀರಿಕೊಂಡನು. ಅಂದಿನಿಂದ ನಮ್ಮ ಅಜ್ಜಿಯವರು ಮನೆಯ ಮಕ್ಕಳಾರೂ ಮೊಳಕಾಲುದ್ದಕ್ಕಿಂತ ಹೆಚ್ಚಿನ ನೀರಿಗಿಳಿಯಕೂಡದೆಂದು ಕಟ್ಟಳೆ ಮಾಡಿದರು. ಕೆರೆ ತುಂಬಿದ ವರ್ಷ ಊರಿನವರೆಲ್ಲರೂ ಗಂಗಾಪೂಜೆಗೆ ಮೆಟ್ಟಿಲಿಳಿದು ಹೋದರೆ, ನಮ್ಮ ಮನೆಯವರು ಏರಿಯ ಮೇಲೆ ನಿಂತೇ ಕೈಮುಗಿಯುತ್ತಿದ್ದರು. ಅಜ್ಜಿಯವರು ಹೋದರೂ ಕಟ್ಟಳೆಯು ಹೋಗಲಿಲ್ಲ. ತಂದೆಯವರು, ನಾವು ಅಣ್ಣತಮ್ಮಂದಿರು, ನಮ್ಮ ಮಕ್ಕಳು, ಹೀಗೆ ಮೂರು ತಲೆಮಾರುಗಳಲ್ಲಿ ಈಜಬಲ್ಲವರು ಒಬ್ಬರೂ ಇಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಆಜ್ಞೆಯಲ್ಲಿ ತಪ್ಪನ್ನು ಹುಡುಕುವಷ್ಟು ಕಠಿಣ ಹೃದಯವು ಯಾರಿಗೂ ಇರಲಾರದು. ಆದರೆ ನೀರಿನಿಂದ ದೂರವಿಟ್ಟ ಮಾತ್ರಕ್ಕೆ ಮಕ್ಕಳು ನೀರಿನಿಂದ ಉಳಿಯುವರೇ ಎಂಬ ಪ್ರಶ್ನೆಯನ್ನು ಗೃಹಸ್ಥರು ಕೇಳಿಕೊಳ್ಳಲೇಬೇಕಾಗಿದೆ.

೨೦೨೧ರಲ್ಲಿ ಪ್ರಪಂಚದಲ್ಲಿ ಸುಮಾರು ಮೂರು ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕ ಹಾಕಿದೆ. ಅವರಲ್ಲಿ ಕಾಲುಭಾಗದಷ್ಟು ಐದು ವರ್ಷ ತುಂಬದ ಶಿಶುಗಳು. ನಾವು ಹೋದ ಮುರುಡೇಶ್ವರದ ತೀರದಲ್ಲಿಯೇ ೨೦೨೪ರ ಡಿಸೆಂಬರಿನಲ್ಲಿ, ಪ್ರವಾಸಕ್ಕೆಂದು ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಕಡಲು ಕಂಡೊಡನೆ ಓಡಿಹೋಗಿ ಆಡಬೇಕೆನ್ನಿಸುವುದು ಸಹಜ. ಅದರ ನಡೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ನಮ್ಮ ಹದಿನಾರು ವರ್ಷದ ಮಗಳು ಗೆಳತಿಯರ ಬಾಯಿಂದ ನೇತ್ರಾಣಿಯ ಹೆಸರನ್ನು ಕೇಳಿಬಂದು, “ಅಪ್ಪಾ, ನಾನು ಹೇಗೂ ನೀರಿಗಿಳಿಯುವವಳೇ. ನೀನೂ ಇಳಿಯುತ್ತೀಯೋ, ದೋಣಿಯಲ್ಲಿ ಕುಳಿತು ನೋಡುತ್ತೀಯೋ?” ಎಂದು ಕೇಳಿದಾಗ, ಬೇಡವೆನ್ನುವುದಕ್ಕೆ ಅಜ್ಜಿಯವರ ಕಟ್ಟಳೆಯ ಹೊರತು ಬೇರೆ ಕಾರಣವು ನನಗೆ ತೋರಲಿಲ್ಲ.

ಹೊರಡುವುದಕ್ಕೆ ಮೂರು ವಾರಗಳ ಮೊದಲೇ ಮುಖವಾಡಗಳನ್ನೂ ಕೊಳವೆಗಳನ್ನೂ ಕೊಂಡುತಂದೆವು. ಮುಖವಾಡವನ್ನು ಆರಿಸುವ ಕ್ರಮವು ಸುಲಭ. ಪಟ್ಟಿಯನ್ನು ತಲೆಗೆ ಹಾಕದೆ ಬರಿದೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರನ್ನೆಳೆದುಕೊಂಡು ಕೈಬಿಡಬೇಕು. ಬೀಳದೆ ಅಂಟಿಕೊಂಡು ನಿಂತರೆ ಅದು ನಮ್ಮ ಮುಖಕ್ಕೆ ತಕ್ಕುದೆಂದು ತಿಳಿಯತಕ್ಕದ್ದು. ನನಗೆ ಯಾವುದೂ ನಿಲ್ಲಲಿಲ್ಲ. ಕಾರಣವು ಮೀಸೆ. ಕೂದಲಿನ ಸಂದಿಯಲ್ಲಿ ಗಾಳಿ ನುಸುಳುವುದು, ಗಾಳಿ ನುಸುಳುವಲ್ಲಿ ನೀರೂ ನುಸುಳುವುದು. ಪೂರ್ತಿ ಬೋಳಿಸಬೇಕಾಗಿಲ್ಲ, ಮೂಗಿನ ಕೆಳಗೆ ಗೆರೆಯಷ್ಟು ಕತ್ತರಿಸಿದರೆ ಸಾಕೆಂದು ಅಂಗಡಿಯವನು ಅಭಯವನ್ನಿತ್ತನು. ಕನ್ನಡಕವಿಲ್ಲದೆ ಕಾಣದವರಿಗೆ ಅವರವರ ದೃಷ್ಟಿಗೆ ಹೊಂದುವ ಗಾಜುಳ್ಳ ಮುಖವಾಡಗಳೂ ದೊರೆಯುವುವು.

ಆಮೇಲೆ ಬಚ್ಚಲುಮನೆಯಲ್ಲಿ ಅಭ್ಯಾಸ. ಅಗಲವಾದ ಬಾನಿಯೊಂದಕ್ಕೆ ನೀರನ್ನು ತುಂಬಿ ಮಣೆಯ ಮೇಲಿಟ್ಟು, ಅದರ ಮುಂದೆ ಮಂಡಿಯೂರಿ ಕುಳಿತು, ಮುಖವಾಡವನ್ನೂ ಕೊಳವೆಯನ್ನೂ ಧರಿಸಿ ಮುಖವನ್ನು ನೀರಿನಲ್ಲಿಟ್ಟು ಉಸಿರಾಡುವುದು. ಇದು ನಗೆಗೇಡಾಗಿ ತೋರಬಹುದು. ನಮ್ಮ ಮನೆಯಲ್ಲಿ ನಕ್ಕವರೂ ಇದ್ದರು. ಆದರೆ ಅಂಜುಬುರುಕರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯು ಮತ್ತೊಂದಿಲ್ಲ. ಮಂಡಿಗಳು ನೆಲದ ಮೇಲಿವೆ, ತಲೆಯೆತ್ತಿದರೆ ಗಾಳಿಯಿದೆ, ಮುಳುಗುವ ಮಾತೇ ಇಲ್ಲ. ಆದರೂ ಮುಖಕ್ಕೆ ನೀರು ತಗುಲಿದೊಡನೆ ಎದೆ ಬಿಗಿದುಕೊಂಡು ಉಸಿರು ಕಟ್ಟಿ ನಿಲ್ಲುವುದು. ಈಜರಿಯದವನ ಹೆದರಿಕೆಯು ಮುಳುಗುವುದರಲ್ಲಿ ಅಷ್ಟಾಗಿ ಇಲ್ಲ, ಉಸಿರಿನಲ್ಲಿ ಇದೆಯೆಂಬುದು ಬಾನಿಯ ಮುಂದೆ ಕುಳಿತಾಗಲೇ ಗೊತ್ತಾಗುವುದು. ಮೂರು ನಾಲ್ಕು ದಿನ ಬೆಳಗ್ಗೆ ಹತ್ತು ಹತ್ತು ನಿಮಿಷ ಕುಳಿತ ತರುವಾಯ ಬಾಯಿಯಿಂದ ಉಸಿರಾಡುವುದು ರೂಢಿಗೆ ಬಂದಿತು. ಒಂಟಿಯಾಗಿ ಇದನ್ನು ಮಾಡಕೂಡದು. ಮಕ್ಕಳಾದರಂತೂ ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿರಲೇಬೇಕು.

ಕೊಳವೆಯಲ್ಲಿ ಉಸಿರಾಡುವುದಕ್ಕೆ ಒಂದು ಲೆಕ್ಕವುಂಟು. ನಾವು ಸಾಮಾನ್ಯವಾಗಿ ಒಂದು ಸಲಕ್ಕೆ ಎಳೆದುಕೊಳ್ಳುವ ಗಾಳಿಯು ಸುಮಾರು ಅರ್ಧ ಲೀಟರು, ಅಂದರೆ ೫೦೦ ಮಿಲಿಲೀಟರು. ಅದರಲ್ಲಿ ಸುಮಾರು ೧೫೦ ಮಿಲಿಲೀಟರು ಗಂಟಲಿನಲ್ಲಿಯೂ ಶ್ವಾಸನಾಳದಲ್ಲಿಯೂ ನಿಂತು, ಶ್ವಾಸಕೋಶದ ಕೆಲಸಕ್ಕೆ ಬಾರದೆ ಹಿಂದಿರುಗುವುದು. ಕೊಳವೆಯನ್ನು ಕಚ್ಚಿಕೊಂಡರೆ ಅದರೊಳಗಿನ ಹಳೆಯ ಗಾಳಿಯೂ ಇದಕ್ಕೆ ಸೇರುವುದು. ಹೆದರಿದವನು ನಾಯಿಯಂತೆ ಸಣ್ಣ ಸಣ್ಣ ಉಸಿರುಗಳನ್ನು ಬೇಗಬೇಗನೆ ಎಳೆಯುವನಷ್ಟೆ. ಆಗ ಅವನು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಮತ್ತೆ ಸೇದುವನು. ಉಸಿರು ಸಾಲದೆನ್ನಿಸಿ ಹೆದರಿಕೆಯು ಇಮ್ಮಡಿಸುವುದು, ಹೆದರಿಕೆಯಿಂದ ಉಸಿರು ಇನ್ನೂ ಚಿಕ್ಕದಾಗುವುದು. ನಿಧಾನವಾಗಿ ಎಳೆದು, ಅದಕ್ಕಿಂತಲೂ ನಿಧಾನವಾಗಿ ಪೂರ್ತಿ ಬಿಡುವುದೊಂದೇ ಇದಕ್ಕೆ ಉಪಾಯ. ಪ್ರಾಣಾಯಾಮವನ್ನು ಬಲ್ಲ ನನ್ನ ಗೃಹಿಣಿಗೆ ಇದು ಮೊದಲ ದಿನವೇ ಕೈವಶವಾಯಿತು. ನನಗೆ ಒಂದು ವಾರ ಹಿಡಿಯಿತು.

ಕೊಳವೆಯನ್ನು ಇನ್ನೂ ಉದ್ದ ಮಾಡಿಕೊಂಡರೆ ಆಳದಲ್ಲಿ ಕುಳಿತೇ ನೋಡಬಹುದಲ್ಲವೇ ಎಂದು ಮಗಳು ಕೇಳಿದಳು. ಸಿನಿಮಾದ ವೀರರು ಹೊಳೆಯ ತಳದಲ್ಲಿ ಲಾಳದ ಕಡ್ಡಿಯಿಂದ ಉಸಿರಾಡುತ್ತ ವೈರಿಗಳನ್ನು ವಂಚಿಸುವುದುಂಟು; ಅದು ನಡೆಯದ ಮಾತು. ಎದೆಯು ನೀರಿನಲ್ಲಿ ಒಂದು ಮೀಟರು ಕೆಳಕ್ಕಿಳಿದರೆ ಅದರ ಪ್ರತಿ ಚದರ ಅಡಿಯ ಮೇಲೂ ೯೦ ಕಿಲೋಗ್ರಾಮಿಗೆ ಮೀರಿದ ಭಾರವು ಹೆಚ್ಚಾಗಿ ಒತ್ತುವುದು. ಕೊಳವೆಯಿಂದ ಬರುವ ಗಾಳಿಗಾದರೋ ಮೇಲಿನ ವಾತಾವರಣದಷ್ಟೇ ಒತ್ತಡ. ಅಷ್ಟು ಭಾರವನ್ನು ಎತ್ತಿ ಎದೆಯನ್ನರಳಿಸುವ ಶಕ್ತಿಯು ಮನುಷ್ಯನ ಪಕ್ಕೆಗಳಿಗಿಲ್ಲ. ದುರ್ಯೋಧನನಿಗೆ ಮಂತ್ರವೇ ಬೇಕಾದುದು ಇದಕ್ಕಾಗಿಯೇ ಇರಬೇಕು.

ಬೆಳಗ್ಗೆ ದೋಣಿಯು ಮುರುಡೇಶ್ವರದಿಂದ ಹೊರಟಿತು. ಶಿವನ ದೊಡ್ಡ ವಿಗ್ರಹವೂ ಇಪ್ಪತ್ತು ಅಂತಸ್ತಿನ ರಾಜಗೋಪುರವೂ ಹಿಂದೆ ಹಿಂದೆ ಸರಿದು ಬೊಂಬೆಯಷ್ಟಾದುವು. ಮೊದಲ ಅರ್ಧ ಗಂಟೆ ಎಲ್ಲರೂ ಹಾಡಿದರು. ಬಳಿಕ ಅಲೆಗಳ ತೂಗಾಟಕ್ಕೆ ಹೊಟ್ಟೆ ತೊಳಸಿ ಅನೇಕರು ಮೌನವನ್ನು ತಾಳಿದರು. ಹೊರಡುವ ಮೊದಲು ಎಣ್ಣೆಯ ತಿಂಡಿಯನ್ನು ತಿನ್ನದೆ ಎರಡು ಇಡ್ಲಿಗಳಿಂದ ತೃಪ್ತರಾದವರು ಸುಖವಾಗಿದ್ದರು. ಒಂದು ಗಂಟೆಗೂ ಮಿಕ್ಕಿ ಸಾಗಿದ ತರುವಾಯ ಕಾಡು ಮುಚ್ಚಿದ ಬಂಡೆಯ ದ್ವೀಪವು ಎದುರು ನಿಂತಿತು. ದೋಣಿಯ ಸುತ್ತ ನೀರು ದಡದ ಬಳಿಯಂತೆ ಕೆಂಪಾಗಿರದೆ, ನೀಲಿಯಾಗಿ ತಿಳಿಯಾಗಿದ್ದಿತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳುವುದು ಯುಕ್ತ. ನೇತ್ರಾಣಿಯಲ್ಲಿ ಕಾಲಿಗೆ ನೆಲ ಸಿಗದು. ದೋಣಿಯಿಂದ ಇಳಿದರೆ ಮೊದಲ ಹೆಜ್ಜೆಯೇ ಆಳ. ಆದುದರಿಂದ ಈಜು ಬಾರದವರಿಗೆಲ್ಲ ತೇಲುವ ಅಂಗಿಯನ್ನು ತೊಡಿಸುವರು. ಅದರ ಪಟ್ಟಿಗಳನ್ನು ಸಡಿಲಬಿಟ್ಟರೆ ಅಂಗಿಯು ಕಿವಿಯವರೆಗೆ ಏರಿ ಕುಳಿತು ಮನುಷ್ಯನು ಕೆಳಗೆ ಜೋತಾಡುವನಾದುದರಿಂದ, ಎದೆಗೆ ಬಿಗಿಯಾಗಿ ಕಟ್ಟಿಸಿಕೊಳ್ಳಬೇಕು. ಮೊದಲು ಇಳಿದವಳು ಮಗಳು, ಆಮೇಲೆ ಮನೆಯಾಕೆ. ಏಣಿಯ ಕೊನೆಯ ಮೆಟ್ಟಿಲಲ್ಲಿ ನಾನು ಎಷ್ಟು ಹೊತ್ತು ನಿಂತಿದ್ದೆನೆಂಬುದರಲ್ಲಿ ನಮ್ಮ ಮನೆಯಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಕಡಲ ಮಗನಂತಿದ್ದ ಮಾರ್ಗದರ್ಶಿಯ ತರುಣನು ಕೆಳಗೆ ತೇಲುತ್ತ, “ಸರ್, ಮೇಲೆ ನೋಡೂದು ಬ್ಯಾಡ, ಕೆಳಗೆ ನೋಡಿ. ನಾ ಕೈ ಬಿಡೂದಿಲ್ಲ” ಎಂದು ಕೈ ನೀಡಿದನು. “ರೀ, ಬನ್ನಿ, ಹೆದರಿಕೆಯನ್ನು ಆಮೇಲೆ ಪಡುವಿರಂತೆ” ಎಂದು ಆಕೆಯೂ ಕೂಗಿದಳು. ಏಣಿಯನ್ನು ಬಿಟ್ಟೆನು.

ಅಂಗಿಯು ತೇಲಿಸಿತು. ಆದರೂ ತಲೆಯನ್ನು ಆಕಾಶಕ್ಕೆತ್ತಿ ಕಾಲುಗಳನ್ನು ಬಡಿಯುವ ಚಪಲವು ಬಿಡಲಿಲ್ಲ. ಇದನ್ನು ಕೊಂಚ ವಿಚಾರಿಸಿ ನೋಡುವುದು ಒಳ್ಳೆಯದು. ಸಮುದ್ರದ ಉಪ್ಪುನೀರು ಲೀಟರಿಗೆ ಸುಮಾರು ೧೦೨೫ ಗ್ರಾಮು ತೂಗುವುದು. ಎದೆಯ ತುಂಬ ಗಾಳಿಯಿರುವ ಮನುಷ್ಯನ ದೇಹವು ಅಷ್ಟೇ ಅಳತೆಯ ನೀರಿಗಿಂತ ಸಾಮಾನ್ಯವಾಗಿ ಸ್ವಲ್ಪ ಹಗುರ. ಈ ಹಗುರವು ಬಹಳ ಅಲ್ಪವಾದುದು. ನಾಲ್ಕೈದು ಕಿಲೋಗ್ರಾಮು ತೂಕದ ತಲೆಯನ್ನು ನೀರಿನಿಂದ ಮೇಲಕ್ಕೆತ್ತಿದೊಡನೆ ಆ ಭಾರವನ್ನು ನೀರು ಹೊರದೆ, ಉಳಿದ ದೇಹವೇ ಹೊರಬೇಕಾಗಿ, ದೇಹವು ಕೆಳಗಿಳಿಯುವುದು. ಬದುಕುವೆನೆಂದು ತಲೆಯೆತ್ತುವವನು ಮುಳುಗಲು ತೊಡಗುವನು. ಮುಖವನ್ನು ನೀರಿನಲ್ಲಿಟ್ಟು ಸುಮ್ಮನೆ ಮಲಗಿದವನು ಎಲೆಯಂತೆ ತೇಲುವನು. ಹುಟ್ಟಿನಿಂದ ಬಂದ ಬುದ್ಧಿಗೆ ಇದು ವಿರುದ್ಧವಾದ ಮಾತು. ಕೊಳವೆಯ ಉಪಕಾರವೆಲ್ಲ ಇಲ್ಲಿಯೇ ಇರುವುದು: ಉಸಿರಿಗಾಗಿ ತಲೆಯೆತ್ತಬೇಕಾದ ಅಗತ್ಯವನ್ನೇ ಅದು ತಪ್ಪಿಸುವುದು.

ಮುಖವನ್ನು ಕೆಳಗೆಮಾಡಿ, ಬಚ್ಚಲುಮನೆಯ ಬಾನಿಯನ್ನು ನೆನೆದುಕೊಂಡು, ಒಂದು ಉಸಿರನ್ನೆಳೆದು ಬಿಟ್ಟೆನು. ಕಿವಿಗೆ ನನ್ನ ಉಸಿರಿನ ಸದ್ದೊಂದೇ ಕೇಳುತ್ತಿದ್ದಿತು. ಆಮೇಲೆ ಕಣ್ಣುತೆರೆದೆನು.

ಮೊದಲು ಆದುದು ಬೆರಗಲ್ಲ, ಇನ್ನೊಂದು ಬಗೆಯ ಭಯ. ನೀರು ಕಾಣಿಸದಷ್ಟು ತಿಳಿಯಾಗಿದ್ದುದರಿಂದ, ಬೆಟ್ಟದ ತುದಿಯಲ್ಲಿ ಗಾಳಿಯ ಮೇಲೆ ಮಲಗಿ ಕಣಿವೆಯನ್ನು ನೋಡುತ್ತಿರುವಂತೆ ತೋರಿತು. ಈಗ ಬಿದ್ದೇಬಿಡುವೆನೆಂದು ಎದೆ ಹಾರಿತು. ಬೀಳಲಿಲ್ಲ. ಹತ್ತಾರು ಉಸಿರುಗಳಾಗುವಷ್ಟರಲ್ಲಿ, ಬೀಳುವುದಿಲ್ಲವೆಂಬುದನ್ನು ದೇಹವು ತಾನಾಗಿಯೇ ಒಪ್ಪಿಕೊಂಡಿತು. ಭುಜಗಳು ಸಡಿಲವಾದುವು. ಮುಖಕ್ಕೆ ತಣ್ಣೀರು ತಗುಲಿದಾಗ ಉಸಿರನ್ನು ಬಿಗಿಹಿಡಿದವನ ಹೃದಯದ ಬಡಿತವು ನಿಧಾನವಾಗುವುದೆಂದೂ, ಇದು ನೀರುನಾಯಿ ತಿಮಿಂಗಿಲಗಳಲ್ಲಿ ಬಲವಾಗಿಯೂ ನಮ್ಮಲ್ಲಿ ಅಳಿದುಳಿದಂತೆಯೂ ಇರುವ ಗುಣವೆಂದೂ ಶರೀರಶಾಸ್ತ್ರಜ್ಞರು ಹೇಳುವರು. ನನ್ನ ಎದೆಯನ್ನು ಇಳಿಸಿದುದು ಆ ಗುಣವೋ, ಕೈಹಿಡಿದಿದ್ದ ಆ ತರುಣನೋ, ಎರಡೂ ಕೂಡಿಯೋ!

ಬಂಡೆಯ ಇಳಿಜಾರಿನಲ್ಲಿ ಹವಳದ ಗುಡ್ಡೆಗಳು. ಚಿತ್ರಗಳಲ್ಲಿ ಕಾಣುವಂತೆ ಕೆಂಪು ಕಿತ್ತಳೆಯಲ್ಲ, ಬಹುಮಟ್ಟಿಗೆ ಕಂದು ಹಸುರು ಬೂದುಬಣ್ಣದವು. ಬಿಸಿಲಿನ ಕೆಂಪು ಕಿರಣಗಳನ್ನು ನೀರು ಮೊದಲು ನುಂಗಿಬಿಡುವುದರಿಂದ, ನಾಲ್ಕಾರು ಮಾರು ಕೆಳಗೆ ಕೆಂಪು ವಸ್ತುವೂ ಮಾಸಿದಂತೆ ಕಾಣುವುದು. ಗಾಜಿನ ಹಿಂದಣ ಗಾಳಿಯ ದೆಸೆಯಿಂದ ಪ್ರತಿಯೊಂದೂ ಇರುವುದಕ್ಕಿಂತ ಮೂರರಲ್ಲೊಂದು ಪಾಲು ದೊಡ್ಡದಾಗಿಯೂ, ನಾಲ್ಕರಲ್ಲೊಂದು ಪಾಲು ಹತ್ತಿರವಾಗಿಯೂ ತೋರುವುದು; ಸಮುದ್ರದಲ್ಲಿ ಕಂಡ ಮೀನಿನ ಗಾತ್ರವನ್ನು ಹೇಳುವವರ ಮಾತನ್ನು ಈ ಲೆಕ್ಕದಿಂದ ಕಳೆದು ತಿಳಿಯತಕ್ಕದ್ದು. ಹಳದಿ ಕಪ್ಪು ಪಟ್ಟೆಗಳ ಚಿಟ್ಟೆಮೀನುಗಳು ಜೊತೆಜೊತೆಯಾಗಿ ಸುಳಿದುವು. ಗಿಳಿಯ ಕೊಕ್ಕಿನಂತಹ ಬಾಯುಳ್ಳ ಹಸುರು ನೀಲಿ ಮೀನೊಂದು ಬಂಡೆಯನ್ನು ಕಚ್ಚುತ್ತಿದ್ದಿತು. ಕಟಕಟನೆ ಕಚ್ಚುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಎತ್ತಲಿಂದ ಬಂದಿತೆಂದು ಮಾತ್ರ ಕಿವಿಗೆ ತಿಳಿಯಲಿಲ್ಲ, ಏಕೆಂದರೆ ನೀರಿನಲ್ಲಿ ಶಬ್ದವು ಗಾಳಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾದ ವೇಗದಿಂದ ಹರಿದು ಎರಡು ಕಿವಿಗಳನ್ನೂ ಬಹುಮಟ್ಟಿಗೆ ಒಟ್ಟಿಗೇ ಮುಟ್ಟುವುದು. ಈ ಗಿಳಿಮೀನು ಪಾಚಿಯ ಆಸೆಗೆ ಹವಳವನ್ನೇ ಕೆರೆದು ನುಂಗಿ, ಗಂಟಲಿನ ಹಲ್ಲುಗಳಿಂದ ಅರೆದು, ಬಿಳಿಯ ಮರಳಾಗಿ ಹೊರಗೆ ಬಿಡುವುದು. ಮಾಲ್ದೀವಿನ ದ್ವೀಪಗಳ ಬೆಳ್ಳನೆಯ ಮರಳಿನಲ್ಲಿ ಬಹುಪಾಲು ಹೀಗೆ ಬಂದುದು. ಅದರ ಮೇಲೆ ನಡೆದಾಡಿ ಬಂದ ನವದಂಪತಿಗಳಿಗೆ ಈ ಸಂಗತಿಯನ್ನು ತಿಳಿಸುವುದು ಅಥವಾ ಬಿಡುವುದು ಓದುಗರ ವಿವೇಕಕ್ಕೆ ಸೇರಿದುದು.

ನಡುವೆ ಒಂದು ಅಲೆಯು ತಲೆಯ ಮೇಲೆ ಹಾಯ್ದು ಕೊಳವೆಯೊಳಗೆ ನೀರು ಸುರಿಯಿತು. ಉಪ್ಪುನೀರು ಗಂಟಲಿಗೆ ಬಿದ್ದಾಗ ಕಲಿತುದೆಲ್ಲ ಮರೆತುಹೋಗುವುದು ಸಹಜ. ಬಾನಿಯಲ್ಲಿ ಇದನ್ನೂ ಅಭ್ಯಾಸ ಮಾಡಿದ್ದೆವು: ಎದೆಯಲ್ಲಿ ಉಳಿದಿರುವ ಉಸಿರಿನಿಂದ ಒಲೆ ಊದುವಂತೆ ಜೋರಾಗಿ “ಫೂ” ಎಂದು ಊದಿದರೆ ನೀರು ಮೇಲಕ್ಕೆ ಚಿಮ್ಮಿ ಹೋಗುವುದು, ಮುಂದಿನ ಉಸಿರನ್ನು ಮೆಲ್ಲಗೆ, ನಾಲಗೆಯನ್ನು ಅಡ್ಡಹಿಡಿದು ಎಳೆಯಬೇಕು. ನಾನು ಊದಿದೆನು, ಕೆಮ್ಮಿದೆನು, ಮತ್ತೆ ಊದಿದೆನು. ತರುಣನು ತೋಳಿನಡಿಯಲ್ಲಿ ಕೈಕೊಟ್ಟು ನಿಲ್ಲಿಸಿದನು. ಅರ್ಧ ನಿಮಿಷದಲ್ಲಿ ಎಲ್ಲವೂ ಮೊದಲಿನಂತಾಯಿತು. ನಮ್ಮ ಚಿಕ್ಕಪ್ಪನ ನೆನಪು ಬಂದುದು ಆ ಅರ್ಧ ನಿಮಿಷದಲ್ಲಿ. ಅವನ ಪಕ್ಕದಲ್ಲಿ ಕೈಕೊಡುವವರು ಯಾರೂ ಇರಲಿಲ್ಲ.

ಈ ವಿನೋದದಲ್ಲಿ ಅಪಾಯವಿಲ್ಲವೆಂದು ಹೇಳುವವರನ್ನು ನಂಬಬಾರದು. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಇಂತಹ ಸಾವುಗಳು ಹೆಚ್ಚಿದುದರಿಂದ ಅಲ್ಲಿ ಅದರ ಕಾರಣಗಳನ್ನು ಕುರಿತು ಅಧ್ಯಯನವು ನಡೆಯಿತು. ಸತ್ತವರಲ್ಲಿ ಅನೇಕರು ಕೂಗದೆ, ಕೈಕಾಲು ಬಡಿಯದೆ, ನೋಡುವವರಿಗೆ ಸುಮ್ಮನೆ ತೇಲುತ್ತಿರುವಂತೆಯೇ ಕಂಡು ಪ್ರಾಣಬಿಟ್ಟಿದ್ದರು. ಇಕ್ಕಟ್ಟಾದ ಕೊಳವೆಯ ಮೂಲಕ ಬಲವಾಗಿ ಉಸಿರನ್ನು ಸೇದುವಾಗ ಎದೆಯಲ್ಲಿ ಉಂಟಾಗುವ ಎಳೆತದಿಂದ ಶ್ವಾಸಕೋಶದೊಳಕ್ಕೆ ದೇಹದ ದ್ರವವೇ ಒಸರಬಹುದೆಂದೂ, ಹೃದಯದ ಬೇನೆಯುಳ್ಳವರಿಗೆ ಈ ಭಯವು ಹೆಚ್ಚೆಂದೂ ಆ ಅಧ್ಯಯನವು ಸೂಚಿಸಿದೆ. ಆದಕಾರಣ ರಕ್ತದೊತ್ತಡ, ಹೃದ್ರೋಗ, ಉಬ್ಬಸಗಳುಳ್ಳವರು ವೈದ್ಯರನ್ನು ಕೇಳದೆ ಇಳಿಯಬಾರದು. ಕೊಳವೆಯ ಬಾಯಿಯು ಅಗಲವಾಗಿಯೂ ರಚನೆಯು ಸರಳವಾಗಿಯೂ ಇರಬೇಕು. ನೀರು ಬಾರದಂತೆ ತಡೆಯುವ ಬಗೆಬಗೆಯ ಮುಚ್ಚಳಗಳಿಗೆ ಮರುಳಾಗಬಾರದು. ಕೆಲಸವಿಲ್ಲದೆ ಏದುಸಿರು ಬಂದರೆ, ಕೈಕಾಲು ಸೋತಂತಾದರೆ, ಒಡನೆಯೇ ಕೊಳವೆಯನ್ನು ಉಗುಳಿ ಬೆನ್ನಮೇಲಾಗಿ ಕೈಯೆತ್ತಿ ದೋಣಿಗೆ ಕರೆಯಬೇಕು. ದುಡ್ಡು ಕೊಟ್ಟಾಗಿದೆ, ಇನ್ನೂ ಹತ್ತು ನಿಮಿಷವಿದೆಯೆಂಬ ಲೆಕ್ಕವು ಇಲ್ಲಿ ಸಲ್ಲದು. ಮನೆಯವರು ಒಬ್ಬರನ್ನೊಬ್ಬರು ಕಣ್ಣಳತೆಯಲ್ಲಿಟ್ಟುಕೊಂಡು, ಆಗಾಗ ಹೆಸರು ಹಿಡಿದು ಕರೆದು ಮರುಮಾತನ್ನು ಪಡೆಯುತ್ತಿರಬೇಕು.

ಹವಳವನ್ನು ತುಳಿಯುವುದು, ಮುಟ್ಟುವುದು, ನೆನಪಿಗೆಂದು ಮುರಿದು ತರುವುದು ಸರಿಯಲ್ಲ. ಅದು ಕಲ್ಲಲ್ಲ, ಜೀವಿಗಳ ಸಮೂಹ. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾನೂನಿನಂತೆ ಅದಕ್ಕೆ ಹುಲಿಯಷ್ಟೇ ರಕ್ಷಣೆಯುಂಟು. ಬಿಸಿಲಿಗೆ ಹಚ್ಚುವ ಕೆಲವು ಲೇಪಗಳು ಹವಳಕ್ಕೆ ಕೇಡೆಂದು ಹವಾಯಿಯಲ್ಲಿ ೨೦೨೧ರಿಂದ ಅವುಗಳ ಮಾರಾಟವನ್ನು ತಡೆದಿರುವರು. ತುಂಬುತೋಳಿನ ಅಂಗಿಯನ್ನು ತೊಟ್ಟರೆ ಬೆನ್ನೂ ಸುಡದು, ಹವಳಕ್ಕೂ ಕೇಡಿಲ್ಲ. ಸಂಕೋಚವುಳ್ಳ ಸ್ತ್ರೀಯರಿಗೂ ಇದು ಅನುಕೂಲ.

ಕಾಲವು ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನಿಂದ ಮೇ ತಿಂಗಳೊಳಗೆ. ಮುಂಗಾರಿನಲ್ಲಿ ದೋಣಿಗಳು ಹೊರಡುವುದಿಲ್ಲ. ಕೇವಲ ಮೊದಲ ಅಭ್ಯಾಸಕ್ಕೆ ನನ್ನನ್ನು ಕೇಳಿದರೆ, ನೇತ್ರಾಣಿಗಿಂತ ಲಕ್ಷದ್ವೀಪವು ಮೇಲು. ಅಲ್ಲಿಯ ಕಡಮತ್, ಬಂಗಾರಂ ಮೊದಲಾದ ದ್ವೀಪಗಳನ್ನು ಹವಳದ ದಿಬ್ಬವೇ ಕೋಟೆಯಂತೆ ಸುತ್ತುವರಿದಿರುವುದರಿಂದ ಒಳಗಿನ ನೀರು ಕೆರೆಯಂತೆ ಶಾಂತ. ಎಷ್ಟೋ ಕಡೆ ಎದೆಮಟ್ಟದಲ್ಲಿ ನಿಂತೇ ಮುಖವನ್ನಿಟ್ಟು ನೋಡಬಹುದು. ಪ್ರವೇಶಕ್ಕೆ ಮುಂಚಿತವಾಗಿ ಅನುಮತಿಪತ್ರವು ಬೇಕು; ಖರ್ಚೂ ಹೆಚ್ಚು. ನೇತ್ರಾಣಿಯಾದರೆ ಎರಡು ದಿನದ ಬಿಡುವಿನಲ್ಲಿ ಹೋಗಿಬರಬಹುದು. ಯಾವ ಕಡೆ ಹೋದರೂ, ಈಜು ಬಾರದವರಿಗೆ ಒಬ್ಬೊಬ್ಬರಿಗೆ ಒಬ್ಬ ಮಾರ್ಗದರ್ಶಿಯನ್ನು ಕೊಡುವಿರಾ ಎಂದು ಹಣ ಕಟ್ಟುವ ಮೊದಲೇ ಕೇಳಬೇಕು. ಇಲ್ಲವೆಂದರೆ ದೋಣಿಯಲ್ಲಿಯೇ ಕುಳಿತು ಗಾಳಿ ಸೇವಿಸಿ ಬರುವುದು ಲೇಸು.

ಮಗಳು ಬರುವ ಬೇಸಿಗೆಯಲ್ಲಿ ನಮ್ಮೂರಿನ ಈಜುಕೊಳದ ತರಗತಿಗೆ ಸೇರುವಳು. ಆಕೆಯ ಅರ್ಜಿಯ ಜೊತೆಗೆ ಮನೆಯಾಕೆಯೂ ತನ್ನದೊಂದನ್ನು ಬರೆದಿಟ್ಟಿರುವಳು. ಐವತ್ತು ದಾಟಿದ ಗಂಡಸರಿಗೆ ಬೆಳಗಿನ ಆರು ಗಂಟೆಗೆ ಬೇರೆ ತರಗತಿಯುಂಟಂತೆ. ಅರ್ಜಿಯ ನಮೂನೆಯನ್ನು ತಂದು ಮೇಜಿನ ಮೇಲಿಟ್ಟಿರುವೆನು. ಶುಲ್ಕವನ್ನು ತಿಂಗಳ ಮೊದಲ ವಾರದಲ್ಲಿ ಕಟ್ಟಬೇಕಂತೆ.